ನಾಲಗೆ ಹಿಡಿಯುವ ಬಾಗಿಲು

ಒಂದಾನೊಂದು ಊರು. ಊರಿಗೊಂದು ಕೆರೆ, ಕೆರೆಯ ದಂಡೆಯಲ್ಲೊಂದು ಪುಸ್ತಕದ ಮನೆ. ಆ ಮನೆಯ ಬಾಗಿಲಿಗೆ ಒಂದರ ಕೆಳಗೊಂದು ಎರಡು ಹಿಡಿ. ಮೇಲಿನದು ದೊಡ್ಡವರಿಗೆ, ಕೆಳಗಿನದು ಚಿಕ್ಕವರಿಗೆ. ಬೇಸಿಗೆಯಲ್ಲಿ ಆ ಬಾಗಿಲಿನಷ್ಟು ಸಾಧು ಇನ್ನೊಂದಿಲ್ಲ. ಚಳಿಗಾಲ ಕಾಲಿಟ್ಟಿತೆಂದರೆ ಮಾತ್ರ ಅದಕ್ಕೆ ಎಲ್ಲಿಲ್ಲದ ಹಸಿವು. ಕೆಳಗಿನ ಹಿಡಿಯನ್ನು ನೆಕ್ಕಲು ಬಂದ ಮಗುವಿನ ನಾಲಗೆಯನ್ನು ಗಪ್ಪನೆ ಹಿಡಿದುಕೊಳ್ಳುತ್ತಿತ್ತು. ಬಿಸಿನೀರು ಕುಡಿಸದ ಹೊರತು ಬಿಡುತ್ತಿರಲಿಲ್ಲ.

ಉತ್ತರದ ಹಿಮದ ನಾಡಿನ ಹೊಂಕವೇಸಿ ಎಂಬ ಊರಿನ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವ ಈ ಕಥೆಯಲ್ಲಿ ಸುಳ್ಳಿನ ಪಾಲು ಕಡಿಮೆ. ಬಾಗಿಲು ಇಂದಿಗೂ ಇದೆ. ನಾಲಗೆ ಕೊಟ್ಟವರೂ ಇದ್ದಾರೆ, ಊರ ತುಂಬ ಇದ್ದಾರೆ. ಅವರಲ್ಲೊಬ್ಬರು ಈಗ ಅದೇ ಬಾಗಿಲ ಮುಂದೆ ಹಣೆಗೆ ದೀಪ ಕಟ್ಟಿಕೊಂಡು ಮಡಚುವ ಸ್ಟೂಲಿನ ಮೇಲೆ ಕೂತಿದ್ದಾರೆ.

ತೂಲಿಕ್ಕಿ ಹಕ್ಕರಾಯ್ನೆನ್ ಅವರಿಗೆ ಅರವತ್ತನಾಲ್ಕು. ನವೆಂಬರ್ ತಿಂಗಳ ಮುಂಜಾವು, ಬೆಳಕು ಹರಿಯಲು ಇನ್ನೂ ಹೊತ್ತಿದೆ. ಕೆರೆಯ ಅಂಚಿಗೆ ಗಾಜಿನಂಥ ತೆಳುವಾದ ಮಂಜುಗಡ್ಡೆ ಕಟ್ಟಿದೆ. ಅವರು ಕೆಳಗಿನ ಹಿಡಿಗೆ ಬಿಸಿನೀರಿನ ರಬ್ಬರ್ ಚೀಲ ಕಟ್ಟಿ, ಅದರ ಮೇಲೆ ಉಣ್ಣೆಯ ಶಾಲು ಸುತ್ತಿ, ಮಗುವಿನ ಜ್ವರ ನೋಡುವವರ ಹಾಗೆ ಆಗಾಗ ಶಾಲಿನೊಳಗೆ ಕೈ ತೂರಿಸಿ ಮುಟ್ಟಿ ನೋಡುತ್ತಾರೆ. ಪಕ್ಕದ ಬಕೆಟ್ಟಿನ ಉಗುರುಬೆಚ್ಚಗಿನ ನೀರಿನಲ್ಲಿ ಚರ್ಮದ ಉದ್ದ ಪಟ್ಟಿಯೊಂದು ಹಾವಿನಂತೆ ಸುರುಳಿ ಸುತ್ತಿ ಮಲಗಿದೆ.

"ಹಿತ್ತಾಳೆ ತಣ್ಣಗಿದ್ರೆ ಚರ್ಮ ಮುನಿಸ್ಕೊಳ್ಳತ್ತೆ. ಸೆಟೆದು ನಿಲ್ಲತ್ತೆ. ಎರಡೂ ಬೆಚ್ಚಗಿರಬೇಕು, ಆಗ ತಬ್ಬಿಕೊಳ್ಳತ್ತೆ" ಎನ್ನುತ್ತಾರೆ ತೂಲಿಕ್ಕಿ. ಅವರ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿದೆ. ಅದರ ವಿಷಯ ಕೇಳಿದರೆ, "ಅದೂ ಇದೆ" ಎಂದು ಮತ್ತೆ ಶಾಲಿನೊಳಗೆ ಕೈ ತೂರಿಸುತ್ತಾರೆ.

ಈ ಕೆಲಸ ಇಂದು ಬೆಳಗ್ಗೆಯೇ ಮುಗಿಯಬೇಕು. ಎಂಟು ಗಂಟೆಗೆ ಪುರಸಭೆಯ ಕಟ್ಟಡ ವಿಭಾಗದ ಸಾಂಪ್ಸಾ ಲೋಹ ಕತ್ತರಿಸುವ ಗರಗಸ ಹಿಡಿದು ಬರುತ್ತಾರೆ. ಕಳೆದ ಜನವರಿಯ ಕೊರೆಯುವ ಚಳಿಯಲ್ಲಿ ಹಿಲ್ಲಾ ಎಂಬ ಪುಟ್ಟ ಹುಡುಗಿಯ ಒದ್ದೆ ನಾಲಗೆ ಈ ಹಿಡಿಯ ಬರಿಯ ಹಿತ್ತಾಳೆಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಗ್ರಂಥಪಾಲಕಿ ಮಾರ್ಕೆತ್ತಾ ಜಗ್ಗಿನಲ್ಲಿ ಬೆಚ್ಚಗಿನ ನೀರು ತಂದು ಸುರಿದು ಬಿಡಿಸಿದ್ದರು. ಸ್ವಲ್ಪ ರಕ್ತವೂ ಬಂದಿತ್ತು. ಹುಡುಗಿಯ ಮನೆಯವರು ಒಂದು ಮಾತೂ ಆಡಲಿಲ್ಲ. ಪುರಸಭೆಯಲ್ಲಿ ಮಾತಾಯಿತು. ಮಕ್ಕಳ ಬಾಯಿಯ ಎತ್ತರದಲ್ಲಿ ಬರಿಯ ಹಿತ್ತಾಳೆ ಇರಕೂಡದು, ಒಂದೋ ಅದಕ್ಕೆ ಚರ್ಮ ಸುತ್ತಿರಬೇಕು, ಇಲ್ಲವೋ ಹಿಡಿಯೇ ಇರಬಾರದು ಎಂದು ತೀರ್ಮಾನವಾಯಿತು. ಗಟ್ಟಿ ಚಳಿ ಬೀಳುವುದರೊಳಗೆ ಸುತ್ತಿಕೊಡುತ್ತೇನೆ ಎಂದು ತೂಲಿಕ್ಕಿ ಎಲ್ಲರೆದುರು ಮಾತು ಕೊಟ್ಟರು. ಚಳಿ ನಿನ್ನೆ ಬಿದ್ದಿದೆ. ಹಿಡಿ ಮಾತ್ರ ಬತ್ತಲೆಯೇ ಇದೆ.

ಬಿಚ್ಚಿ ಒಳಗೆ ಒಯ್ದು ಸುತ್ತಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದಾಗದು. ಹಿಡಿಯ ತಿರುಪುಗಳು ಎಪ್ಪತ್ತು ವರ್ಷದ ಮಳೆ ಮಂಜಿಗೆ ತುಕ್ಕು ಹಿಡಿದು ಓಕ್ ಮರದೊಳಗೇ ಬೆಸೆದುಹೋಗಿವೆ. ತೆಗೆಯಬೇಕೆಂದರೆ ಕತ್ತರಿಸಬೇಕು. ಕತ್ತರಿಸಿದರೆ ಮತ್ತೆ ಕೂರಿಸುವಂತಿಲ್ಲ. ಅಂಥ ಹಿಡಿಯನ್ನು ಎರಕ ಹೊಯ್ಯುತ್ತಿದ್ದ ಕಾರ್ಖಾನೆಯೂ ಈಗಿಲ್ಲ.

ಯುದ್ಧ ಮುಗಿದು ಊರು ಮತ್ತೆ ಉಸಿರಾಡಲು ತೊಡಗಿದ್ದ ಕಾಲದಲ್ಲಿ ಕಟ್ಟಿದ ಗ್ರಂಥಾಲಯ ಇದು. ನಕ್ಷೆ ಬರೆದಾತ ಗೋಡೆ ಕಿಟಕಿಗೇ ನಿಲ್ಲಲಿಲ್ಲ. ಕೋಟು ತೂಗುಹಾಕುವ ಗೂಟ, ದೀಪದ ಹಿತ್ತಾಳೆ ಟೋಪಿ, ಮೆಟ್ಟಿಲ ಪಕ್ಕದ ಕೈಕಂಬಿ, ಹೀಗೆ ಕೈಗೆ ಸಿಗುವ ಎಲ್ಲವನ್ನೂ ಈ ಕಟ್ಟಡಕ್ಕೆಂದೇ ಬರೆದ. ಓದುವ ಕೋಣೆಯ ಕಂಬಗಳಿಗೆ ಆಳೆತ್ತರದವರೆಗೆ ಬೆತ್ತ ಸುತ್ತಿಸಿದ, ಒರಗಿ ನಿಂತವರ ಬೆನ್ನಿಗೆ ಕಾಂಕ್ರೀಟು ತಣ್ಣಗೆ ತಾಗದಿರಲೆಂದು. ಬಾಗಿಲ ಹಿಡಿಯೋ, ಬಿಲ್ಲಿನಂತೆ ಬಾಗಿದ ಒಂದು ಹಿತ್ತಾಳೆ ಸರಳು, ಅಷ್ಟೆ. ಹೂವಿಲ್ಲ, ಬಳ್ಳಿಯಿಲ್ಲ, ಉಂಗುರ ಕಚ್ಚಿದ ಸಿಂಹದ ಮುಖವಿಲ್ಲ. ಕೈ ಹಾಕಿದರೆ ಬೆರಳುಗಳು ತಾವೇ ಜಾಗ ಹುಡುಕಿಕೊಂಡು ಕೂರುತ್ತವೆ. ಅದರ ಅಲಂಕಾರವೆಲ್ಲ ಅಷ್ಟರಲ್ಲೇ ಮುಗಿಯುತ್ತದೆ.

ಆ ಸರಳಿಗೆ ಮೊದಲು ಚರ್ಮ ಸುತ್ತಿದವರು ತೂಲಿಕ್ಕಿಯ ತಂದೆ ಎಯ್ನಾರಿ. ಕುದುರೆಯ ಜೀನು, ಲಗಾಮು ಹೊಲಿಯುವುದು ಅವರ ಕಸುಬು. ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಕುದುರೆಗಳು ಒಂದೊಂದಾಗಿ ಊರು ಬಿಟ್ಟವು. ಎಯ್ನಾರಿಯ ಅಂಗಡಿಗೆ ಬಾಗಿಲ ಹಿಡಿ, ಕೈಕಂಬಿ, ಈಜುಕೊಳದ ಸೌನಾ ಎಂಬ ಹಬೆಸ್ನಾನದ ಕೋಣೆಯ ಬಾಗಿಲುಗಳು ಗಿರಾಕಿಗಳಾದವು. "ಅಪ್ಪ ಹೇಳ್ತಿದ್ದ, ಬಾಗಿಲು ಒಳ್ಳೇದು, ಒದೆಯಲ್ಲ ಅಂತ" ಎಂದು ತೂಲಿಕ್ಕಿ ನಗುತ್ತಾರೆ.

ಅಪ್ಪ ಹಳೆಯ ಚರ್ಮ ಬಿಚ್ಚಿಟ್ಟು ಮೇಣ ತರಲು ಒಳಗೆ ಹೋದ ಒಂದು ಫೆಬ್ರವರಿಯ ದಿನ, ಹಿಂದೆ ಬಂದಿದ್ದ ಮಗಳು ಹಿಡಿಯನ್ನು ನೆಕ್ಕಿದಳು. "ಯಾಕೆ ಅಂತ ಕೇಳ್ಬೇಡಿ. ನೆಕ್ಕಬಾರದು ಅಂದಿದ್ರು, ಅದಕ್ಕೇ. ಅಪ್ಪ ಓಡಿ ಬಂದು ಫ್ಲಾಸ್ಕಿನ ಕಾಫಿ ಸುರಿದ. ಕಾಫಿ ರುಚಿ ನೋಡಿದ್ದು ಅವತ್ತೇ ಮೊದಲು."

ಅಪ್ಪ ಹೋದ ಮೇಲೆ ಕಸುಬು ಮಗಳ ಕೈಗೆ ಬಂತು. ಈಗ ಅವರ ವಾರ ಹೀಗೆ ಹಂಚಿಹೋಗಿದೆ. ಓಟದ ಕುದುರೆಗಳ ಲಾಯದಲ್ಲಿ ಎರಡು ದಿನ ಪಟ್ಟಿ ರಿಪೇರಿ. ಉಳಿದ ದಿನ ಶಾಲೆ, ಆಸ್ಪತ್ರೆ, ಪುರಸಭೆ, ಆ ಕಾಲದಲ್ಲಿ ಕಟ್ಟಿದ ಹತ್ತಾರು ಮನೆಗಳು. ವರ್ಷಕ್ಕೆ ನೂರರ ಆಸುಪಾಸು ಹಿಡಿಗಳು. ಕಟ್ಟಡದ ಗೋಡೆಗೆ ನಕ್ಷೆ ಬರೆದವನ ಹೆಸರಿನ ಫಲಕವಿದೆ. ಚರ್ಮ ಸುತ್ತಿದವರ ಹೆಸರು ಎಲ್ಲಿಯೂ ಇಲ್ಲ. ಬೇಸರವಿಲ್ಲವೇ ಎಂದರೆ ತೂಲಿಕ್ಕಿಗೆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸುತ್ತದೆ. "ಬಾಗಿಲು ತೆಗೆಯೋರು ಹಿಡಿ ನೋಡಬಾರದು ಕಣ್ರೀ. ನೋಡಿದ್ರು ಅಂದ್ರೆ ಅಲ್ಲೇನೋ ಚುಚ್ಚಿದೆ ಅಂತ ಅರ್ಥ."

ಈ ವರ್ಷ ಚುಚ್ಚಿತು. ಯಾರೂ ಹೇಳಲಿಲ್ಲ, ಅಷ್ಟೆ.

ಬೇಸಿಗೆಯ ಕೊನೆಗೆ ತೂಲಿಕ್ಕಿ ಎರಡೂ ಹಿಡಿಗಳಿಗೆ ಹೊಸ ಚರ್ಮ ಸುತ್ತಿದ್ದರು. ಮೇಲಿನದು ಅವರಿಗೆ ಹಳೆಯ ಪರಿಚಯ, ಎಷ್ಟೋ ಸಲ ಸುತ್ತಿದ್ದಾರೆ. ಕೆಳಗಿನದನ್ನು ಅವರು ಸುತ್ತಿದ್ದು ಇದೇ ಮೊದಲು. ಅಪ್ಪ ಸುತ್ತಿದ ಚರ್ಮವೇ ಬಹಳ ಕಾಲ ಬಾಳಿ, ಎಳೆ ಎಳೆಯಾಗಿ ಸವೆದು, ಯಾವಾಗ ಇಲ್ಲವಾಯಿತೋ ಯಾರಿಗೂ ಗೊತ್ತಿಲ್ಲ. ಹೊರಗಿನ ಹಿಡಿಗೆ ಕೆಳಗಿನಿಂದ ಮೇಲಕ್ಕೆ ಸುತ್ತುವುದು ಕಸುಬಿನ ಕ್ರಮ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಸ್ವಲ್ಪ ಏರಿ ಕೂರುತ್ತದೆ, ಹಂಚು ಹೊದಿಸಿದ ಹಾಗೆ. ಅಂಚುಗಳೆಲ್ಲ ಕೆಳಮುಖವಾಗಿರುವುದರಿಂದ ಮಳೆ ನೀರು ಒಳಗೆ ಇಳಿಯದೆ ಜಾರಿಹೋಗುತ್ತದೆ. ಎರಡಕ್ಕೂ ಹಾಗೆಯೇ ಸುತ್ತಿ, ಮೇಣ ಉಜ್ಜಿ, ತೂಲಿಕ್ಕಿ ದಕ್ಷಿಣದ ಒಂದು ಲಾಯಕ್ಕೆ ಕೆಲಸಕ್ಕೆ ಹೋದರು.

ಅಕ್ಟೋಬರಿನಲ್ಲಿ ವಾಪಸು ಬಂದು, ಒಂದು ಕೊಲೆಯ ಕಾದಂಬರಿ ಹಿಂದಿರುಗಿಸಲು ಗ್ರಂಥಾಲಯಕ್ಕೆ ಬಂದರೆ, ಕೆಳಗಿನ ಹಿಡಿಯ ಚರ್ಮ ಲಾಸ್ಟಿಕ್ ಹೋದ ಕಾಲುಚೀಲದಂತೆ ಜಾರಿ ಬುಡದಲ್ಲಿ ಮುದ್ದೆಯಾಗಿ ಕೂತಿತ್ತು. ತೂಲಿಕ್ಕಿ ನೇರ ಮಾರ್ಕೆತ್ತಾರ ಮೇಜಿಗೆ ಹೋದರು.

"ಅದು ಯಾವಾಗಿಂದ ಹಾಗಿದೆ?"

ಮಾರ್ಕೆತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. "ಸೆಪ್ಟೆಂಬರಿಂದ."

"ಸೆಪ್ಟೆಂಬರಿಂದ! ನಂಗೊಂದು ಫೋನ್ ಮಾಡೋಕೆ ಏನಾಗಿತ್ತೇ ನಿಂಗೆ?"

"ನೀನು ಅಷ್ಟು ಕಷ್ಟಪಟ್ಟು ಮಾಡಿದ್ದೆ. ಹೇಗಪ್ಪಾ ಹೇಳೋದು ಅಂತ..."

"ಊರೋರು? ಅವರೂ ಏನೂ ಅನ್ನಲಿಲ್ವಾ?"

"ಬರ್ತಾರೆ, ನೋಡ್ತಾರೆ, ಒಂದ್ಸಲ ಕೆಮ್ಮಿ ಒಳಗೆ ಹೋಗ್ತಾರೆ."

"ಚೆನ್ನಾಗಿದೆ! ನಿಮ್ಮ ದಾಕ್ಷಿಣ್ಯಕ್ಕೆ ಬಾಗಿಲು ಬತ್ತಲೆ ನಿಂತಿದೆ. ನನ್ನ ಬೆನ್ನಿಗೆ ಬೆಂಕಿ ಹತ್ತಿದ್ರೂ ಹೀಗೇ ಕೆಮ್ಕೊಂಡು ಹೋಗ್ತೀರೇನೋ."

"ಬೆಂಕಿ ಹತ್ತಿದ್ರೆ ಹೇಳ್ತಿದ್ವಿ" ಎಂದರು ಮಾರ್ಕೆತ್ತಾ. ಸ್ವಲ್ಪ ಯೋಚಿಸಿ, "ಬಹುಶಃ" ಎಂದರು.

ಹೊಂಕವೇಸಿಯಲ್ಲಿ ಒಬ್ಬರ ಕೆಲಸದಲ್ಲಿ ತಪ್ಪು ತೋರಿಸುವುದೆಂದರೆ ಅವರ ಮನೆಗೆ ಕರೆಯದೆ ನುಗ್ಗಿದ ಹಾಗೆ. ತೂಲಿಕ್ಕಿಗೂ ಅದು ಗೊತ್ತಿಲ್ಲದ್ದಲ್ಲ. ಅವರೂ ಇದೇ ನೀರು ಕುಡಿದು ಬೆಳೆದವರು. ಹೀಗಾಗಿ ಮರುದಿನದಿಂದ ಯಾರನ್ನೂ ಕೇಳುವ ಗೋಜಿಗೆ ಹೋಗದೆ, ಫ್ಲಾಸ್ಕಿನಲ್ಲಿ ಕಾಫಿ ತಂದು, ಬಾಗಿಲ ಎದುರಿನ ಬೆಂಚಿನ ಮೇಲೆ ಕೂತು ನೋಡತೊಡಗಿದರು.

ದೊಡ್ಡವರು ಬಾಗಿಲನ್ನು ಎಳೆದು ಒಳಗೆ ಹೋಗುತ್ತಾರೆ. ಚಿಕ್ಕವರು ಎಳೆಯುವ ಮುಂಚೆ ಅದರ ಜೊತೆ ಬಾಳುತ್ತಾರೆ. ಅಮ್ಮ ಸೈಕಲ್ಲಿಗೆ ಬೀಗ ಹಾಕುವಷ್ಟು ಹೊತ್ತು ಹಿಡಿಗೆ ಜೋತುಬೀಳುತ್ತಾರೆ, ಅದಕ್ಕೆ ಕೆನ್ನೆ ಉಜ್ಜುತ್ತಾರೆ, ಕೈಯನ್ನು ಕೆಳಗಿನಿಂದ ಮೇಲಕ್ಕೆ ಜಾರಿಸುತ್ತಾರೆ. ಆಗ ಕೆಳಮುಖವಾದ ಚರ್ಮದ ಅಂಚು ಬೆರಳಿಗೆ ಸಿಗುತ್ತದೆ. ಸಿಕ್ಕ ಅಂಚನ್ನು ಕೀಳದೆ ಬಿಡುವ ಮಗು ಭೂಮಿಯ ಮೇಲಿಲ್ಲ. ಕೆಂಪು ಟೋಪಿಯ ಹುಡುಗನೊಬ್ಬ ಗಾಯದ ಹಕ್ಕಳೆ ಕೀಳುವ ಏಕಾಗ್ರತೆಯಿಂದ ಉಗುರು ಹಾಕಿ ಎಬ್ಬಿಸುವುದನ್ನು ನೋಡಿದಾಗ ತೂಲಿಕ್ಕಿಗೆ ವಿಷಯ ತಿಳಿಯಿತು.

"ಮೇಲಿಂದ ಬೀಳೋ ಮಳೆಗೆ ಸುತ್ತಿದ್ದೆ. ಕೆಳಗಿಂದ ಬರೋ ಮಕ್ಕಳನ್ನ ಮರೆತುಬಿಟ್ಟಿದ್ದೆ" ಎನ್ನುತ್ತಾರೆ. ಕೆಳಗಿನ ಹಿಡಿಗೆ ತಿರುಗುಮುರುಗು ಸುತ್ತಬೇಕು, ಮೇಲಿನಿಂದ ಕೆಳಕ್ಕೆ. ಆಗ ಅಂಚು ಮೇಲ್ಮುಖವಾಗುತ್ತದೆ, ಏರುವ ಕೈಗೆ ನುಣ್ಣಗೆ ಸಿಗುತ್ತದೆ. ಮಳೆಯ ಎರಚಲಿಗೆ ಮೇಣವನ್ನು ಧಾರಾಳವಾಗಿ ಉಜ್ಜಿದರಾಯಿತು. ಅಪ್ಪ ಹೇಗೆ ಸುತ್ತಿದ್ದನೋ ಅವರಿಗೆ ನೆನಪಿಲ್ಲ. ಅಷ್ಟು ವರ್ಷ ಬಾಳಿತ್ತೆಂದರೆ ಹೀಗೆಯೇ ಸುತ್ತಿದ್ದಿರಬೇಕು ಎಂಬುದು ಅವರ ಊಹೆ.

ವಿಷಯ ತಿಳಿಯಿತು, ಹೆಬ್ಬೆರಳು ಒಪ್ಪಲಿಲ್ಲ. ಹಿಡಿಯ ಎರಡು ತುದಿಯೂ ಬಾಗಿಲಿಗೆ ಬೆಸೆದಿರುವುದರಿಂದ, ಪ್ರತಿ ಸುತ್ತಿಗೂ ಅಷ್ಟುದ್ದದ ಪಟ್ಟಿಯನ್ನು ಹಿಂದಿನ ಸಂದಿಯಲ್ಲಿ ತೂರಿಸಿ, ಆಚೆಯಿಂದ ಹೊರಗೆಳೆದು, ಹೆಬ್ಬೆರಳಲ್ಲಿ ಬಿಗಿಯಾಗಿ ಒತ್ತಿ ಹಿಡಿಯಬೇಕು. ನಲವತ್ತು ವರ್ಷ ಒತ್ತಿದ ಹೆಬ್ಬೆರಳು ಅಕ್ಟೋಬರಿನಲ್ಲಿ ಎರಡು ಸಲ ನಡುದಾರಿಯಲ್ಲಿ ಕೈಕೊಟ್ಟಿತು. ಎರಡು ಸಲವೂ ಬಿಗಿ ಸಡಿಲಿ, ಸುತ್ತಿದ್ದೆಲ್ಲ ಬಿಚ್ಚಿಕೊಂಡಿತು. ಡಾಕ್ಟರು ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದಾರೆ. ಆಮೇಲೆ ಚಳಿಗಾಲವಿಡೀ ಕೈಗೆ ರಜೆ.

ಆದ್ದರಿಂದ ಇಂದು ತೂಲಿಕ್ಕಿ ಹೆಬ್ಬೆರಳನ್ನು ನಂಬಿ ಬಂದಿಲ್ಲ. ಶಾಲು ಬಿಚ್ಚಿ, ರಬ್ಬರ್ ಚೀಲ ತೆಗೆದು, ತಮ್ಮ ಸಾಮಾನಿನ ಚೀಲದಿಂದ ಒಂದು ಅಗಲವಾದ ಪಟ್ಟಿ ಹೊರತೆಗೆದು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಓಟದ ಕುದುರೆಯ ಎದೆಪಟ್ಟಿ ಅದು. ಮುಂದಿನ ಕೊಂಡಿಗೆ ಚರ್ಮದ ಪಟ್ಟಿಯನ್ನು ಸಿಕ್ಕಿಸಿ ಮೈಭಾರ ಹಿಂದಕ್ಕೆ ಬಿಡುತ್ತಾರೆ. ಬೆರಳ ಕೆಲಸವನ್ನು ಈಗ ಸೊಂಟ ಮಾಡುತ್ತದೆ. ಸಂದಿಯಲ್ಲಿ ಪಟ್ಟಿ ತೂರಿಸಿಕೊಡಲು ಮಾರ್ಕೆತ್ತಾ ಮಂಡಿಯೂರಿ ಕೂತಿದ್ದಾರೆ.

"ಎಳ್ಕೊಡೇ."

"ಎಳೀತಿದೀನಲ್ಲ."

"ಹೀಗೆ ಎಳೆದ್ರೆ ಬೆಕ್ಕೂ ನಗತ್ತೆ. ಜೋರಾಗಿ!"

"ಕುದುರೆ ಥರಾನೇ ಕಾಣ್ತಿದೀಯ ಕಣೇ ತೂಲಿಕ್ಕಿ."

"ಕುದುರೆಗೆ ಹುರುಳಿಗಿರುಳಿ ಆದ್ರೂ ಹಾಕ್ತಾರೆ. ನೀನು ಆ ಏಲಕ್ಕಿ ಬನ್ನು ಎಲ್ಲಿ ಬಚ್ಚಿಟ್ಟಿದೀಯ?"

ಒಂದು ಸುತ್ತು ತೂರಿಸಿ, ಸಿಕ್ಕಿಸಿ, ಮೈ ಹಿಂದಕ್ಕೆ ಬಿಟ್ಟು, ಮೂಳೆಯ ಚಪ್ಪಟೆ ಕಡ್ಡಿಯಿಂದ ಅಂಚನ್ನು ತೀಡಬೇಕು. ಮತ್ತೆ ತೂರಿಸಬೇಕು. ನೀರು ತಣ್ಣಗಾದಾಗಲೆಲ್ಲ ಮಾರ್ಕೆತ್ತಾ ಎದ್ದು ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಬಿಸಿನೀರು ತಂದು ಬೆರೆಸುತ್ತಾರೆ. ಆಕಾಶ ಬೂದಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಅರ್ಧ ಹಿಡಿ ಮುಗಿದಿದೆ. ಚರ್ಮ ಈ ಸಲ ಕದಲಿಲ್ಲ.

ಎಂಟಕ್ಕೆ ಸರಿಯಾಗಿ, ಗಡಿಯಾರಕ್ಕೆ ಜೋಡಿಸಿದ ಬಾಗಿಲಿನ ಬೀಗ ಕಟ್ ಎಂದು ತಾನೇ ತೆರೆದುಕೊಳ್ಳುತ್ತದೆ. ಅದೇ ಕ್ಷಣಕ್ಕೆ ತೂಲಿಕ್ಕಿ ಮೈಭಾರ ಹಿಂದಕ್ಕೆ ಬಿಟ್ಟಿದ್ದಾರೆ. ಬೀಗವಿಲ್ಲದ ಬಾಗಿಲು ಅವರ ಜೊತೆಗೇ ಹೊರಕ್ಕೆ ಬರುತ್ತದೆ. ಅವರು ಮಂಜು ಕಟ್ಟಿದ ಮೆಟ್ಟಿಲ ಮೇಲೆ ಕುಕ್ಕರಿಸುತ್ತಾರೆ. ಒಂದು ಸುತ್ತು ಸಡಿಲಾಗುತ್ತದೆ. ಊದಿದ ಹೆಬ್ಬೆರಳಿನಿಂದಲೇ ಅದನ್ನು ಒತ್ತಿ ಹಿಡಿದು, ಹಲ್ಲು ಕಚ್ಚಿ, ತಲೆಯೆತ್ತಿ ನೋಡಿದರೆ ಎದುರಿಗೆ ಸಾಂಪ್ಸಾ ನಿಂತಿದ್ದಾರೆ. ಮೂವತ್ತರ ಆಸುಪಾಸಿನ ಎತ್ತರದ ಆಳು, ಹೆಗಲಲ್ಲಿ ಗರಗಸದ ಪೆಟ್ಟಿಗೆ.

"ನಮಸ್ಕಾರ" ಎನ್ನುತ್ತಾರೆ ಸಾಂಪ್ಸಾ. ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, "ಇವತ್ತು ಚಳಿ ಜಾಸ್ತಿ."

"ಚಳಿ ವಿಷಯ ಗೊತ್ತಾಯ್ತು. ಹಿಡಿ ಕತ್ತರಿಸೋಕೆ ಬಂದ್ಯಾ?"

"ಎಂಟಕ್ಕೆ ಅಂತ ಹೇಳಿದ್ರು. ಸುತ್ತಿಲ್ಲ ಅಂದ್ರೆ ಕತ್ತರಿಸು ಅಂದ್ರು." ಅವರು ಬಗ್ಗಿ ನೋಡುತ್ತಾರೆ. "ಇದು ಅರ್ಧ ಸುತ್ತಿದೆ. ಅರ್ಧಕ್ಕೆ ಏನು ಮಾಡ್ಬೇಕು ಅಂತ ಯಾರೂ ಹೇಳಿಲ್ಲ."

"ಅರ್ಧಕ್ಕೆ ಏನು ಮಾಡ್ಬೇಕು ಅಂತ ನಾನು ಹೇಳ್ತೀನಿ. ಆ ಪೆಟ್ಟಿಗೆ ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಎಳ್ಕೊಂಡು ನಿಂತ್ಕೊ. ನಾನು ಹಿಂದಕ್ಕೆ ವಾಲಿದಾಗ ಅದು ನನ್ನ ಜೊತೆ ಬರಬಾರದು. ಗೊತ್ತಾಯ್ತಾ?"

ಸಾಂಪ್ಸಾ ಪೆಟ್ಟಿಗೆ ನೋಡುತ್ತಾರೆ, ಬಾಗಿಲು ನೋಡುತ್ತಾರೆ. ತೂಲಿಕ್ಕಿಯ ಹೆಬ್ಬೆರಳನ್ನು ತುಸು ಹೆಚ್ಚು ಹೊತ್ತು ನೋಡುತ್ತಾರೆ. "ಹಾಗಾದ್ರೂ ನಾನು ಕೆಲಸಕ್ಕೆ ಬಂದ ಹಾಗೇ ಅಲ್ವಾ?"

"ಬಂದ ಹಾಗೇ. ನಡಿ."

ಮತ್ತೆ ಶುರುವಾಗುತ್ತದೆ. ಒಳಗೆ ಸಾಂಪ್ಸಾ, ಹೊರಗೆ ಮೆಟ್ಟಿಲ ಮೇಲೆ ಮಂಡಿಯೂರಿದ ತೂಲಿಕ್ಕಿ, ನಡುವೆ ಓಕ್ ಮರದ ಬಾಗಿಲು. ಬೆಳಗಿನ ಪತ್ರಿಕೆ ಓದಲು ದಿನವೂ ಬರುವವರು ಒಬ್ಬೊಬ್ಬರಾಗಿ ಬಂದು ಮೆಟ್ಟಿಲ ಕೆಳಗೆ ನಿಲ್ಲುತ್ತಾರೆ. ಒಬ್ಬರ ಹಿಂದೊಬ್ಬರು, ನಡುವೆ ಒಂದೊಂದು ಆಳು ನಿಲ್ಲುವಷ್ಟು ಜಾಗ ಬಿಟ್ಟು.

"ಹಿಂದಿನ ಬಾಗಿಲು ತೆಗೆದುಕೊಡ್ಲಾ? ಕಾಯೋದು ಬೇಡ" ಎಂದು ಮಾರ್ಕೆತ್ತಾ ಕೇಳುತ್ತಾರೆ.

"ಪರವಾಗಿಲ್ಲ" ಎನ್ನುತ್ತಾರೆ ಮೊದಲಿನವರು.

"ಅವಸರ ಇಲ್ಲ" ಎನ್ನುತ್ತಾರೆ ಅವರ ಹಿಂದಿನವರು.

ಯಾರೂ ಕದಲುವುದಿಲ್ಲ. ಯಾರೂ ಏನೂ ಕೇಳುವುದಿಲ್ಲ. ಬಾಯಿಯಿಂದ ಹೊಗೆಯಂತೆ ಉಸಿರು ಬಿಡುತ್ತಾ, ಮೆಟ್ಟಿಲ ಮೇಲೆ ಕುದುರೆಯ ಪಟ್ಟಿ ಕಟ್ಟಿಕೊಂಡು ವಾಲುತ್ತಿರುವ ಹೆಂಗಸನ್ನು ನೋಡಿಯೂ ನೋಡದ ಹಾಗೆ ಕೆರೆಯ ಕಡೆಗೆ ನೋಡುತ್ತಾ ನಿಂತಿದ್ದಾರೆ. ಸೆಪ್ಟೆಂಬರಿನಲ್ಲಿ ಕೆಮ್ಮಿ ಒಳಗೆ ಹೋದವರು ಇವರೇ. ಇಂದು ಒಳಗೆ ಹೋಗುತ್ತಿಲ್ಲ. ನಡುವೆ ಒಬ್ಬರು ಬಂದು ತಮ್ಮ ಉಣ್ಣೆಯ ಟೋಪಿಯನ್ನು ಮಡಚಿ ತೂಲಿಕ್ಕಿಯ ಮಂಡಿಯ ಕೆಳಗಿಟ್ಟು ಮತ್ತೆ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತಾರೆ. ಅವರ ಬೋಳುತಲೆ ಚಳಿಗೆ ಕೆಂಪೇರಿದೆ.

ಕೊನೆಯ ಸುತ್ತು ಅತಿ ಕಷ್ಟದ್ದು. ತುದಿಯನ್ನು ಹಿಂದಿನ ಸುತ್ತುಗಳ ಅಡಿಗೆ ತೂರಿಸಬೇಕು, ಅದೂ ಬಾಗಿಲ ಕಡೆಗೆ, ಯಾವ ಬೆರಳಿಗೂ ಸಿಗದ ಹಾಗೆ. ಇದನ್ನು ಸೊಂಟ ಮಾಡಲಾರದು. ತೂಲಿಕ್ಕಿ ಕೈಗವಸು ಕಳಚಿ, ಚರ್ಮ ಚುಚ್ಚುವ ಆರಿಯಿಂದ ದಾರಿ ಬಿಡಿಸಿ, ತುದಿಯನ್ನು ಹೆಬ್ಬೆರಳಿಂದ ಒಳಗೆ ದೂಡುತ್ತಾರೆ. ಕಣ್ಣಲ್ಲಿ ನೀರು ಬರುತ್ತದೆ.

"ಚಳಿಗಾಳಿ" ಎನ್ನುತ್ತಾರೆ.

"ಹೌದು, ಗಾಳಿ" ಎನ್ನುತ್ತಾರೆ ಮಾರ್ಕೆತ್ತಾ. ಒಂದು ಎಲೆಯೂ ಅಲುಗುತ್ತಿಲ್ಲ.

ತುದಿ ಒಳಗೆ ಹೋಗುತ್ತದೆ. ಉಳಿದ ಚೂರನ್ನು ಕತ್ತರಿಸಿ, ಜೇನುಮೇಣದ ಉಂಡೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮೇಲಿನಿಂದ ಕೆಳಗಿನವರೆಗೆ ಉಜ್ಜುತ್ತಾರೆ. ಹಿತ್ತಾಳೆ ಎಲ್ಲಿಯೂ ಕಾಣುವುದಿಲ್ಲ. ತೂಲಿಕ್ಕಿ ಕಣ್ಣು ಮುಚ್ಚಿ ಹಿಡಿಯ ಮೇಲೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಿ ನೋಡುತ್ತಾರೆ, ಮಗುವಿನ ಹಾಗೆ. ಎಲ್ಲಿಯೂ ತಡೆಯುವುದಿಲ್ಲ.

ಸಾಲಿನ ಕೊನೆಯಿಂದ ಒಂದು ಹಳದಿ ಚಳಿ ಅಂಗಿ ನುಗ್ಗಿ ಬರುತ್ತದೆ. ಹಿಲ್ಲಾ. ಹಿಂದೆಯೇ ಅವಳ ತಾತ ಬರುತ್ತಾರೆ. ಹುಡುಗಿ ಹಿಡಿಯ ಮುಂದೆ ನಿಂತು ಅದನ್ನು ಹಳೆಯ ವೈರಿಯನ್ನು ನೋಡುವ ಹಾಗೆ ನೋಡುತ್ತಾಳೆ. ಆಮೇಲೆ ಬಾಯಿ ತೆರೆಯುತ್ತಾಳೆ.

"ಬೇಡ ಪುಟ್ಟೀ!" ಎನ್ನುತ್ತಾರೆ ತಾತ. ಮಾರ್ಕೆತ್ತಾ ಆಗಲೇ ನೀರಿನ ಜಗ್ಗಿಗೆ ಕೈ ಹಾಕಿದ್ದಾರೆ.

"ಬಿಡಿ, ನೋಡ್ಲಿ" ಎನ್ನುತ್ತಾರೆ ತೂಲಿಕ್ಕಿ. ಅವರು ಮೆಟ್ಟಿಲ ಮೇಲೆ ಕೂತಲ್ಲಿಂದ ಏಳುವುದಿಲ್ಲ.

ಹಿಲ್ಲಾ ನಾಲಗೆ ಚಾಚಿ ಹಿಡಿಗೆ ತಾಗಿಸುತ್ತಾಳೆ. ಸಾಲಿನಲ್ಲಿ ಉಸಿರಿನ ಹೊಗೆಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ. ನಾಲಗೆ ಹೋದ ಹಾಗೆಯೇ ವಾಪಸು ಬರುತ್ತದೆ.

"ಹಿಡ್ಕೊಳ್ಳಲ್ಲ ಇದು" ಎನ್ನುತ್ತಾಳೆ ಹಿಲ್ಲಾ. ದನಿಯಲ್ಲಿ ನಿರಾಸೆಯಿದೆ. ತುಟಿ ಚಪ್ಪರಿಸಿ, "ಬರೀ ಮೇಣ" ಎಂದು ಸೇರಿಸುತ್ತಾಳೆ.

ಆಮೇಲೆ ಎರಡೂ ಕೈಗಳಿಂದ ಹಿಡಿಯನ್ನು ಹಿಡಿದು, ಕಾಲು ಊರಿ, ಮೈ ಹಿಂದಕ್ಕೆ ಬಿಟ್ಟು ಎಳೆಯುತ್ತಾಳೆ. ಬಾಗಿಲು ಜಗ್ಗುವುದಿಲ್ಲ. ಮತ್ತೆ ಎಳೆಯುತ್ತಾಳೆ. ಬಾಗಿಲಿನ ಗಾಜಿನ ಕಿಂಡಿಯ ಆಚೆ ಸಾಂಪ್ಸಾರ ಮುಖ ಕಾಣುತ್ತದೆ. ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡುತ್ತಾ, ಎರಡೂ ಕೈಯಲ್ಲಿ ಬಾಗಿಲನ್ನು ಬಿಗಿಯಾಗಿ ಎಳೆದುಕೊಂಡು ನಿಂತಿದ್ದಾರೆ.

"ಸಾಂಪ್ಸಾ, ಇನ್ನು ಬಿಟ್ಟುಬಿಡಪ್ಪಾ" ಎನ್ನುತ್ತಾರೆ ತೂಲಿಕ್ಕಿ ಸೊಂಟದ ಪಟ್ಟಿ ಬಿಚ್ಚುತ್ತಾ. "ಮುಗೀತು."

ಸಾಂಪ್ಸಾ ಕೈ ಬಿಡುತ್ತಾರೆ. ಬಾಗಿಲು ತೆರೆಯುತ್ತದೆ.